ಡ್ರೆಸ್ಡನ್‌ನಿಂದ ಪ್ರಾಗ್‌ಗೆ: ಹನ್ನೆರಡು ಜನ, ಎರಡೇ ದಿನ. ಪ್ಲಾನ್ ನೋಡಿ, ಬೇಕಾದರೆ ಬೈಯಿರಿ

ಎಲ್ಬೆದಂಡೆ (ಮೂಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ಊರು ಅರಸೀಕೆರೆ, ಸದ್ಯಕ್ಕೆ ಡ್ರೆಸ್ಡನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ವಾರವೇ ಪ್ರಾಗ್‌ಗೆ ಹೊರಟಿದ್ದೇವೆ. ಶನಿವಾರ ಬೆಳಗ್ಗೆ ರೈಲು, ಭಾನುವಾರ ರಾತ್ರಿ ವಾಪಸ್. ಏಳು ಜನ ಕನ್ನಡದವರು, ಇಬ್ಬರು ತೆಲುಗಿನವರು, ಒಬ್ಬ ಮರಾಠಿ ಹುಡುಗ, ಇಂಡೋನೇಷ್ಯಾದ ಒಬ್ಬಳು, ಜೊತೆಗೆ ನನ್ನ ಜರ್ಮನ್ ರೂಮ್‌ಮೇಟ್. ಎಲ್ಲರೂ ಸೇರಿ ಪ್ಲಾನ್ ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ಶನಿವಾರ: ಹಳೇ ಊರಿನ ಚೌಕ, ಗಡಿಯಾರ, ಚಾರ್ಲ್ಸ್ ಸೇತುವೆ, ಯಹೂದಿ ಕೇರಿ, ಲೆನನ್ ಗೋಡೆ, ಸಂಜೆ ಕೋಟೆ, ರಾತ್ರಿ ದೋಣಿ. ಭಾನುವಾರ: ಬೆಳಗ್ಗೆ ಕುಟ್ನಾ ಹೋರಾದ ಮೂಳೆ ಚರ್ಚು, ಮಧ್ಯಾಹ್ನ ಪೆಟ್ರಿನ್ ಗೋಪುರ, ಮೃಗಾಲಯ, ಶಾಪಿಂಗ್, ರೈಲು. ತಲೆಗೆ 120 ಯೂರೋ ಒಳಗೆ ಮುಗಿಸಬೇಕು. ನಾಲ್ಕು ಜನ ಸಸ್ಯಾಹಾರಿಗಳು. ಆಗುತ್ತದಾ?

ಸಿಡುಕಪ್ಪ

ಆಗಲ್ಲ. ನೂರು ಎಲೆಗೆ ಒಬ್ಬನೇ ಬಡಿಸಲು ಹೊರಟ ಹಾಗಿದೆ ನಿಮ್ಮ ಪ್ಲಾನು. ಹನ್ನೆರಡು ಜನ ಅಂದರೆ ಲೆಕ್ಕ ಬೇರೆ ಸ್ವಾಮಿ. ಒಬ್ಬ ಎಟಿಎಂ ಹುಡುಕುತ್ತಿರುತ್ತಾನೆ, ಒಬ್ಬಳಿಗೆ ಶೂ ಕಚ್ಚಿರುತ್ತದೆ, ಇಬ್ಬರು ಸೆಲ್ಫಿ ಅಂತ ಹಿಂದೆ ಉಳಿದಿರುತ್ತಾರೆ. ಪ್ರತಿ ಜಾಗಕ್ಕೂ ನೀವು ಅಂದುಕೊಂಡ ಹೊತ್ತಿನ ದುಪ್ಪಟ್ಟು ಹಾಕಿಕೊಳ್ಳಿ. ಮೊದಲು ಮೂಳೆ ಚರ್ಚು ತೆಗೆಯಿರಿ. ಪ್ರಾಗ್‌ನಿಂದ ರೈಲಿನಲ್ಲೇ ಒಂದು ಗಂಟೆ ದೂರ ಅದು. 2020ರಿಂದ ಒಳಗೆ ಫೋಟೋ ತೆಗೆಯಲೂ ಬಿಡುವುದಿಲ್ಲ, ನಿಮ್ಮ ಹುಡುಗರು ಬೇಜಾರಾಗುತ್ತಾರೆ. ಮೃಗಾಲಯ ನೋಡಬೇಕು ಅಂದರೆ ಮೈಸೂರಿಗೆ ಹೋಗಿ.

ತುಂಗಾ_ವಲ್ಟವಾ

ಸಿಡುಕಪ್ಪನವರ ಮಾತು ಖಾರ, ಆದರೆ ಸರಿ ಇದೆ. ನಾನು ಶಿವಮೊಗ್ಗದವಳು, ಆರು ವರ್ಷದಿಂದ ಪ್ರಾಗ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ನೆಂಟರು ಬಂದಾಗಲೆಲ್ಲ ಇದೇ ಪಂಚಾಯಿತಿ.

ನಿಮ್ಮ ಪ್ಲಾನಿನಲ್ಲಿ ದೊಡ್ಡ ತಪ್ಪು ಎರಡು. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ. ಯಹೂದಿ ಕೇರಿಯ ಮ್ಯೂಸಿಯಂ, ಸಿನಗಾಗ್ (ಅವರ ಪ್ರಾರ್ಥನಾ ಮಂದಿರ), ಹಳೇ ಸ್ಮಶಾನ ಎಲ್ಲವೂ ಅವತ್ತು ಬಾಗಿಲು ಹಾಕಿರುತ್ತವೆ. ಇನ್ನು ಕೋಟೆಯೊಳಗಿನ ಸೇಂಟ್ ವಿಟಸ್ ಚರ್ಚು ಭಾನುವಾರ ಬೆಳಗ್ಗೆ ಪ್ರಾರ್ಥನೆಗೆ ಮೀಸಲು, ಪ್ರವಾಸಿಗಳನ್ನು ಬಿಡುವುದು ಮಧ್ಯಾಹ್ನದ ಮೇಲೆ. ಮಾರ್ಚ್ ಮುಗಿಯುವವರೆಗೂ ಕೋಟೆಯ ಒಳಭಾಗಕ್ಕೆ ಚಳಿಗಾಲದ ವೇಳೆಯೇ. ಸಂಜೆ ನಾಲ್ಕಕ್ಕೆ ಮುಚ್ಚುತ್ತಾರೆ. ಹಾಗಾಗಿ ಸಂಜೆ ಕೋಟೆ ಅನ್ನುವ ಮಾತೇ ಇಲ್ಲ. ಶನಿವಾರ ರೈಲಿಳಿದ ಕೂಡಲೇ ಕೋಟೆ, ಭಾನುವಾರ ಬೆಳಗ್ಗೆ ಯಹೂದಿ ಕೇರಿ. ಇಷ್ಟು ತಿರುಗಿಸಿಬಿಡಿ, ಅರ್ಧ ಸಮಸ್ಯೆ ಮುಗಿಯಿತು.

ಕೋಟೆಗೆ 22ನೇ ನಂಬರ್ ಟ್ರಾಮ್ ಹತ್ತಿ ಮೇಲೆ ಹೋಗಿ, ಇಳಿಯುವಾಗ ನಡೆದು ಬನ್ನಿ. ಎಷ್ಟೋ ಜನ ಉಲ್ಟಾ ಮಾಡಿ ಏದುಸಿರು ಬಿಡುತ್ತಾರೆ. ಆ ಟ್ರಾಮಿನಲ್ಲಿ ಜೇಬುಗಳ್ಳರಿದ್ದಾರೆ, ಬ್ಯಾಗು ಮುಂದಕ್ಕೆ ಹಾಕಿಕೊಳ್ಳಿ. ಪೇಪರ್ ಟಿಕೆಟ್ ತೆಗೆದುಕೊಂಡರೆ ಹಳದಿ ಡಬ್ಬಿಗೆ ತೂರಿಸಿ ಒಂದು ಸಲ ಮುದ್ರೆ ಒತ್ತಿಸಲೇಬೇಕು. ಮುದ್ರೆ ಇಲ್ಲದ ಟಿಕೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೆಮ್ನಿಟ್ಸ್_ಹುಡುಗಿ

ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ನಾನು ಪೆಟ್ಟು ತಿಂದವಳು. ಚೆಕ್ ದೇಶದಲ್ಲಿ ಯೂರೋ ಅಲ್ಲ, ಕೊರುನಾ. ಒಂದು ಯೂರೋಗೆ ಸುಮಾರು 24-25 ಸಿಗಬೇಕು. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಎಟಿಎಂನಲ್ಲಾಗಲಿ ಅಂಗಡಿಯಲ್ಲಾಗಲಿ ಮೆಷಿನ್ ‘ಯೂರೋದಲ್ಲೇ ಕತ್ತರಿಸಲಾ?’ ಅಂತ ಕೇಳಿದರೆ ಬೇಡ ಅನ್ನಿ. ಕೊರುನಾದಲ್ಲೇ ಕತ್ತರಿಸಲಿ.

ದುಡ್ಡು ಬದಲಿಸುವ ಕಟ್ಟೆಗಳ ಹತ್ತಿರ ಸುಳಿಯಲೇಬೇಡಿ. ಅಕಸ್ಮಾತ್ ಮೋಸ ಹೋದರೆ ಒಂದು ಉಪಾಯವಿದೆ. 2019ರ ಏಪ್ರಿಲ್‌ನಿಂದ ಅಲ್ಲೊಂದು ಕಾನೂನು ಬಂದಿದೆ. 1000 ಯೂರೋ ಒಳಗಿನ ವ್ಯವಹಾರವಾದರೆ ಮೂರು ಗಂಟೆಯೊಳಗೆ ರಸೀದಿ ಹಿಡಿದು ಹೋಗಿ ರದ್ದು ಮಾಡಿಸಬಹುದು. ಅವರು ದುಡ್ಡು ವಾಪಸ್ ಕೊಡಲೇಬೇಕು. ರಸೀದಿ ಬಿಸಾಡಬೇಡಿ.

ಇನ್ನೊಂದು. ಪಾಸ್‌ಪೋರ್ಟು ಮತ್ತು ರೆಸಿಡೆನ್ಸ್ ಕಾರ್ಡು ಎರಡೂ ಇರಲಿ. ವಾಪಸ್ ಬರುವಾಗ ಜರ್ಮನಿ ಗಡಿಯ ಬಾಡ್ ಶಾಂಡೌ ಊರಿನ ಹತ್ತಿರ ಪೊಲೀಸರು ರೈಲು ಹತ್ತುತ್ತಾರೆ. ಎರಡೂ ಷೆಂಗೆನ್ ದೇಶ, ಗಡಿಯಲ್ಲಿ ಯಾರೂ ಕೇಳಲ್ಲ ಅಂತ ಸುಮ್ನೆ ಹೊರಡಬೇಡಿ.

ಚೀಸ್_ಬೋಂಡಾ

ಸಸ್ಯಾಹಾರಿಗಳ ಪರವಾಗಿ ನಾನು ಬಂದೆ. ‘ಸ್ಮಾಝೆನಿ ಸಿರ್’ ಅಂತ ಕೇಳಿ. ದಪ್ಪನೆ ಚೀಸ್ ತುಂಡನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದಿರುತ್ತಾರೆ, ಪಕ್ಕಕ್ಕೆ ಆಲೂಗಡ್ಡೆ. ನನ್ನ ಹೆಸರು ಅದಕ್ಕೇ ಹೀಗಿರುವುದು. ಹೊರಗೆ ಗರಿಗರಿ, ಕತ್ತರಿಸಿದರೆ ಒಳಗಿಂದ ಚೀಸು ಹಾಲುಬಾಯಿಯ ಹಾಗೆ ನಿಧಾನಕ್ಕೆ ಜಾರುತ್ತದೆ. ಮೊಟ್ಟೆ ತಿನ್ನದವರು ಇದನ್ನು ಬಿಡಬೇಕು, ಬ್ರೆಡ್ ಪುಡಿ ಅಂಟುವುದೇ ಮೊಟ್ಟೆಯಿಂದ. ಬ್ರಾಂಬೊರಾಕ್ ಅಂತ ಆಲೂಗಡ್ಡೆ ರೊಟ್ಟಿ ಇದೆ, ಬೆಳ್ಳುಳ್ಳಿ ಜಾಸ್ತಿ ಹಾಕಿ ಮಾಡುತ್ತಾರೆ. ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಬೇಯಿಸುತ್ತಾರೆ, ಕೇಳಿ ತಿನ್ನಿ. ‘ಬೆಜ್ ಮಸಾ’ ಅಂದರೆ ಮಾಂಸವಿಲ್ಲದೆ. ಈ ಎರಡು ಪದ ಬಾಯಿಪಾಠ ಮಾಡಿಕೊಳ್ಳಿ.

ಹಣ್ಣು ತುಂಬಿದ ಕ್ನೆಡ್ಲಿಕ್ ಸಿಕ್ಕರೆ ಬಿಡಬೇಡಿ. ನಮ್ಮ ಸಿಹಿ ಕಡುಬಿನ ದೂರದ ನೆಂಟ ಅದು. ಮೇಲೆ ಕರಗಿದ ಬೆಣ್ಣೆ.

ಬೀದಿ ತುಂಬ ಕೋಲಿಗೆ ಸುತ್ತಿ ಸುಡುವ ಟ್ರ್‌ಡೆಲ್ನಿಕ್ ಕಾಣುತ್ತದೆ. ‘ಹಳೇ ಬೊಹೀಮಿಯಾದ ತಿಂಡಿ’ ಅಂತ ಬೋರ್ಡು ಬೇರೆ (ಬೊಹೀಮಿಯಾ ಅಂದರೆ ಪ್ರಾಗ್ ಇರುವ ಚೆಕ್ ಸೀಮೆ). ಪ್ರಾಗ್‌ಗೂ ಅದಕ್ಕೂ ಹಳೇ ಸಂಬಂಧ ಏನಿಲ್ಲ. ಯುರೋಪಿಯನ್ ಒಕ್ಕೂಟದ ಊರಿನ ಗುರುತು (ನಮ್ಮ ಜಿಐ ಟ್ಯಾಗ್ ಇದ್ದ ಹಾಗೆ) ಸಿಕ್ಕಿರುವುದು ಸ್ಲೊವಾಕಿಯಾದ ಸ್ಕಾಲಿಟ್ಸಾ ಊರಿನ ಟ್ರ್‌ಡೆಲ್ನಿಕ್‌ಗೆ. ರುಚಿಯೇನೋ ಇದೆ. ತಿನ್ನಿ, ಬೋರ್ಡು ನಂಬಬೇಡಿ.

ಸಿಡುಕಪ್ಪ

ಗಡಿಯಾರಕ್ಕೂ ಹೊತ್ತು ಹಾಳು ಮಾಡಬೇಡಿ. ಗಂಟೆಗೊಮ್ಮೆ ಎರಡು ಕಿಟಕಿ ತೆಗೆಯುತ್ತವೆ, ಗೊಂಬೆಗಳು ಸುತ್ತುತ್ತವೆ, ಕೋಳಿ ಕೂಗುತ್ತದೆ. ಒಂದು ನಿಮಿಷವೂ ಇಲ್ಲ. ಅದಕ್ಕೆ ಇಪ್ಪತ್ತು ನಿಮಿಷ ಕತ್ತೆತ್ತಿ ನಿಲ್ಲಬೇಕು.

ಘಳಿಗೆ_ಬಟ್ಟಲು

ಸಿಡುಕಪ್ಪನವರೇ, ಗೊಂಬೆ ನೋಡಲು ಹೋದರೆ ಬೇಜಾರೇ. ಗಡಿಯಾರದ ಮುಖ ನೋಡಬೇಕು. 1410ರದ್ದು ಅದು. ನಮ್ಮ ಮನೆಯಲ್ಲಿ ತಾತ ಪಂಚಾಂಗ ನೋಡುತ್ತಿದ್ದರು, ಅದಕ್ಕೇ ಇರಬೇಕು, ನನಗೆ ಅದನ್ನು ಕಂಡಾಗ ಹೊಸದು ಅನ್ನಿಸಲೇ ಇಲ್ಲ.

ಹೊರಸುತ್ತಿನಲ್ಲಿ 1ರಿಂದ 24ರವರೆಗೆ ಹಳೇ ಅಕ್ಷರದ ಅಂಕಿಗಳಿವೆ. ಆ ಸುತ್ತು ತಾನೇ ವರ್ಷವಿಡೀ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಯಾಕೆಂದರೆ ಹಳೇ ಚೆಕ್ ಲೆಕ್ಕದಲ್ಲಿ ಸೂರ್ಯ ಮುಳುಗಿದರೆ ದಿನ ಮುಗಿಯಿತು, 24 ಗಂಟೆ ಆಯಿತು. ನಾವು ಸೂರ್ಯ ಹುಟ್ಟಿದಾಗಿಂದ ಘಳಿಗೆ ಎಣಿಸುತ್ತಿದ್ದೆವು, ಅವರು ಮುಳುಗಿದಾಗಿಂದ ಗಂಟೆ ಎಣಿಸುತ್ತಿದ್ದರು. ಒಳಗಿನ ಚಿಕ್ಕ ಉಂಗುರದಲ್ಲಿ ಮೇಷ, ವೃಷಭದಿಂದ ಹಿಡಿದು ಹನ್ನೆರಡು ರಾಶಿ. ಸೂರ್ಯ ಯಾವ ರಾಶಿಯಲ್ಲಿ, ಚಂದ್ರ ಎಲ್ಲಿ, ಎಲ್ಲ ಓದಬಹುದು. ಅವರದು ಸಾಯನ ಲೆಕ್ಕ (ನಕ್ಷತ್ರದಿಂದಲ್ಲ, ವಿಷುವದಿಂದ ರಾಶಿ ಎಣಿಸುವುದು), ಹಾಗಾಗಿ ನಮ್ಮ ಸಂಕ್ರಾಂತಿಗೆ ತಾಳೆಯಾಗುವುದಿಲ್ಲ. ಚಂದ್ರನ ಗುಂಡು ಅರ್ಧ ಬೆಳ್ಳಿ, ಅರ್ಧ ಕಪ್ಪು. ತಿರುಗುತ್ತ ತಿರುಗುತ್ತ ಹುಣ್ಣಿಮೆ ಅಮಾವಾಸ್ಯೆ ತೋರಿಸುತ್ತದೆ. ಗಂಟೆ ಹೊಡೆಯುವ ಹೊತ್ತು ಬಿಟ್ಟು, 10 ಗಂಟೆ 20ಕ್ಕೋ ಎಷ್ಟಕ್ಕೋ ಹೋಗಿ. ಜನ ಇರುವುದಿಲ್ಲ.

ಅಲ್ಲೇ ನೆಲ ನೋಡಿ. ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಹ್ಯಾಬ್ಸ್‌ಬರ್ಗ್ ದೊರೆಯ ವಿರುದ್ಧ ದಂಗೆ ಎದ್ದ 27 ಜನರನ್ನು ಆ ಜಾಗದಲ್ಲಿ ಕೊಂದರು. ಜನ ಅದರ ಮೇಲೇ ನಿಂತು ಗೊಂಬೆ ನೋಡುತ್ತಿರುತ್ತಾರೆ.

ತುಂಗಾ_ವಲ್ಟವಾ

ನೀವೆಲ್ಲ ವಿದ್ಯಾರ್ಥಿಗಳು ಅಂದಿದ್ದಕ್ಕೆ ಇನ್ನೆರಡು ಜಾಗ ಹೇಳುತ್ತೇನೆ. ಎರಡಕ್ಕೂ ಟಿಕೆಟ್ ಇಲ್ಲ. ವೆನ್ಸೆಸ್ಲಾಸ್ ಚೌಕದ ಮೇಲ್ತುದಿಯಲ್ಲಿ, ನ್ಯಾಷನಲ್ ಮ್ಯೂಸಿಯಂ ಮುಂದೆ, ನೆಲದಿಂದ ಉಬ್ಬಿಕೊಂಡು ಎದ್ದ ಹಾಗೆ ಒಂದು ಕಂಚಿನ ಶಿಲುಬೆ ಇದೆ. ಸೋವಿಯತ್ ಸೇನೆ ನುಗ್ಗಿದ್ದು 1968ರಲ್ಲಿ. ಅದನ್ನು ಜನ ಒಪ್ಪಿಕೊಂಡು ಸುಮ್ಮನಾಗುತ್ತಿದ್ದಾರೆ ಅಂತ ಯಾನ್ ಪಾಲಾಖ್ ಅನ್ನುವ ಚಾರ್ಲ್ಸ್ ವಿಶ್ವವಿದ್ಯಾಲಯದ ಹುಡುಗ 1969ರ ಜನವರಿ 16ರಂದು ಅಲ್ಲಿ ಬೆಂಕಿ ಹಚ್ಚಿಕೊಂಡ. ಮೂರು ದಿನದ ಮೇಲೆ ತೀರಿಕೊಂಡ. ಇಪ್ಪತ್ತು ವರ್ಷ ವಯಸ್ಸು.

ಎರಡನೆಯದು ನಾರೊಡ್ನಿ ರಸ್ತೆಯಲ್ಲಿ. ಒಂದು ಕಮಾನಿನ ಕೆಳಗೆ ಗೋಡೆಯಿಂದ ಕಂಚಿನ ಕೈಗಳು ಹೊರಗೆ ಚಾಚಿರುತ್ತವೆ, ಕೆಳಗೆ 17.11.1989 ಅಂತ ತಾರೀಖು. 1939ರ ನವೆಂಬರ್ 17ರಂದು ನಾಜಿಗಳು ಚೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿ, ಒಂಬತ್ತು ಜನರನ್ನು ಗುಂಡಿಟ್ಟು ಕೊಂದು, ಸಾವಿರದ ಇನ್ನೂರಕ್ಕೂ ಜಾಸ್ತಿ ಹುಡುಗರನ್ನು ಕ್ಯಾಂಪಿಗೆ ಕಳಿಸಿದರು. ಸರಿಯಾಗಿ ಐವತ್ತು ವರ್ಷಕ್ಕೆ ಆ ನೆನಪಿನ ಮೆರವಣಿಗೆ ಹೊರಟ ವಿದ್ಯಾರ್ಥಿಗಳನ್ನು ಪೊಲೀಸರು ಈ ರಸ್ತೆಯಲ್ಲಿ ಅಡ್ಡಗಟ್ಟಿ ಹೊಡೆದರು. ವರ್ಷ ಮುಗಿಯುವಷ್ಟರಲ್ಲಿ ಸರ್ಕಾರವೇ ಬಿತ್ತು. ನೀವು ನಡೆದು ಹೋಗುವ ದಾರಿಯಲ್ಲೇ ಇದೆ, ಆದರೆ ತಿರುಗಿ ನೋಡದೆ ದಾಟಿಬಿಡುತ್ತಾರೆ.

ಚೌಕದಲ್ಲಿ ಗಾಜಿನ ದೊಡ್ಡ ಬಾಟಾ ಕಟ್ಟಡ ಕಂಡರೆ ಆಶ್ಚರ್ಯ ಪಡಬೇಡಿ. ನಮ್ಮ ಸ್ಕೂಲ್ ಶೂ ಬಾಟಾ ಹುಟ್ಟಿದ್ದು ಈ ದೇಶದ ಝ್ಲೀನ್ ಊರಿನಲ್ಲಿ, 1894ರಲ್ಲಿ. ನಮ್ಮಮ್ಮ ಇವತ್ತಿಗೂ ನಂಬುವುದಿಲ್ಲ.

ಯಾದವಗಿರಿ_ನಿವೃತ್ತ

ಬಾಟಾ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಮೈಸೂರಿನವನು, ವಯಸ್ಸು ಎಪ್ಪತ್ತು ದಾಟಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1974ರಿಂದ 1996ರಲ್ಲಿ ಬಾಗಿಲು ಹಾಕುವವರೆಗೂ ಇದ್ದೆ. ಗೇರ್‌ಬಾಕ್ಸ್ ಜೋಡಿಸುವುದು ನನ್ನ ಕೆಲಸ. ನಾನು ಸೇರುವಷ್ಟರಲ್ಲಿ ಗಾಡಿಯ ಹೆಸರು ಯೆಜ್ಡಿ ಆಗಿತ್ತು, ಆದರೆ ಊರಿಗೆಲ್ಲ ಅದು ಜಾವಾ ಫ್ಯಾಕ್ಟರಿಯೇ. ಜಾವಾ ಹುಟ್ಟಿದ್ದು ಪ್ರಾಗ್‌ನಲ್ಲಿ, 1929ರಲ್ಲಿ. ಯಾನೆಚೆಕ್ ಅನ್ನುವವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್ ಸೈಕಲ್ ವಿಭಾಗ ಕೊಂಡು, ಎರಡೂ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿಸಿದರು.

ಲೆಟ್ನಾ ಗುಡ್ಡದ ಮೇಲೆ ನ್ಯಾಷನಲ್ ಟೆಕ್ನಿಕಲ್ ಮ್ಯೂಸಿಯಂ ಇದೆಯಂತೆ. ಅಲ್ಲಿ ಯುದ್ಧ ಮುಗಿದ ಮೇಲಿನ 250 ಸಿಸಿ ಗಾಡಿ ಇದ್ದರೆ ಒಂದು ಫೋಟೋ ಬೇಕಿತ್ತು. ಎಡಗಡೆಯಿಂದ ತೆಗೆಯಿರಿ. ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಒಂದೇ ಲಿವರ್, ಎರಡು ಕೆಲಸ. ಆ ಲಿವರ್ ಕಾಣಬೇಕು. ನಿಮಗೆ ತೊಂದರೆ ಆಗದಿದ್ದರೆ ಮಾತ್ರ.

ಎಲ್ಬೆದಂಡೆ

ಸರ್, ತೊಂದರೆ ಏನೂ ಇಲ್ಲ, ಖಂಡಿತ ತೆಗೆಯುತ್ತೇನೆ. ಮೃಗಾಲಯ, ಮೂಳೆ ಚರ್ಚು, ದೋಣಿ, ಪೆಟ್ರಿನ್ ನಾಲ್ಕೂ ಹೊಡೆದು ಹಾಕಿದೆ. ಗುಂಪಿನಲ್ಲಿ ಸಣ್ಣ ಜಗಳವಾಯಿತು. ಆಗಲಿ.

ಎಲ್ಬೆದಂಡೆ (ಎರಡು ವಾರದ ನಂತರ)

ಹೋಗಿ ಬಂದೆವು. ಹನ್ನೆರಡು ಜನವೂ ವಾಪಸ್ ಬಂದಿದ್ದೇವೆ, ಅದೇ ದೊಡ್ಡದು. ತಲೆಗೆ 131 ಯೂರೋ ಆಯಿತು.

ರೈಲಿನಲ್ಲಿ ಎಡಗಡೆ ಸೀಟು ಹಿಡಿಯಿರಿ. ಪಿರ್ನಾ ದಾಟಿದ ಮೇಲೆ ಎಲ್ಬೆ ನದಿ ಪಕ್ಕದಲ್ಲೇ ಬರುತ್ತದೆ, ಆಚೆ ದಡದಲ್ಲಿ ಬಂಡೆಗಳು. ಗಡಿ ದಾಟಿದರೆ ಅದೇ ನದಿಗೆ ಲಾಬೆ ಅಂತ ಹೆಸರು. ಚೆಕ್ ರೈಲಿನ ಊಟದ ಬೋಗಿಗೆ ನಮ್ಮ ಹುಡುಗರು ಬೆಳಗ್ಗೆ ಎಂಟಕ್ಕೇ ಹೋಗಿ ಕುಳಿತರು. ಅಲ್ಲಿಗೆ ನನ್ನ ಬಜೆಟ್ ಕಥೆ ಮುಗಿಯಿತು.

ಕೋಟೆಯಲ್ಲಿ ಟಿಕೆಟ್ ಕೊಂಡವರು ಆರು ಜನ. ಉಳಿದವರು ಪುಕ್ಕಟೆ ಅಂಗಳದಲ್ಲೇ ಸುತ್ತಿದರು. ನನಗೆ ಅದು ಸರಿಯಾಗೇ ಕಂಡಿತು, ಎಲ್ಲರನ್ನೂ ಎಳೆದುಕೊಂಡು ಹೋಗುವ ಅಗತ್ಯವಿಲ್ಲ. ಸೇಂಟ್ ವಿಟಸ್‌ಗೆ ಪಾಯ ಹಾಕಿದ್ದು 1344ರಲ್ಲಿ, ಕೆಲಸ ಮುಗಿದದ್ದು 1929ರಲ್ಲಿ. ಸಿವಿಲ್ ಓದುವ ನಮ್ಮ ತೆಲುಗು ಹುಡುಗ ಅದನ್ನು ಕೇಳಿ ‘ನಮ್ಮೂರ ಫ್ಲೈಓವರ್‌ಗೆ ಇನ್ನೂ ಟೈಮಿದೆ’ ಅಂದ.

ಇನ್ನು ದುಡ್ಡು ಬದಲಿಸುವ ಕಟ್ಟೆ. ಇಷ್ಟು ಹೇಳಿದರೂ ಒಬ್ಬ ಹೋಗಿಯೇಬಿಟ್ಟ. ನೂರು ಯೂರೋ ಕೊಟ್ಟ, 1,600 ಕೊರುನಾ ತಂದ. ಬೋರ್ಡಿನಲ್ಲಿ ದೊಡ್ಡದಾಗಿ ಬರೆದ ದರ ಅವರು ಮಾರುವ ದರವಂತೆ. ಕೆಮ್ನಿಟ್ಸ್ ಮೇಡಂ ಹೇಳಿದ ಕಾನೂನು ನೆನಪಾಯಿತು. ರಸೀದಿ ಕೇಳಿದರೆ ‘ಜೇಬಲ್ಲಿತ್ತು, ಮೂಗು ಒರೆಸಿಕೊಂಡೆ’ ಅಂದ. ಕಸದ ಬುಟ್ಟಿಯಿಂದ ಎತ್ತಿ, ಬಿಡಿಸಿ, ಐದು ಜನ ಸೇರಿ ಕಟ್ಟೆ ಮುಂದೆ ನಿಂತೆವು. ಒಳಗಿದ್ದವನು ಆ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ನಮ್ಮ ಮುಖ ನೋಡಿದ. ಒಂದು ಮಾತೂ ಆಡದೆ ನೂರು ಯೂರೋ ವಾಪಸ್ ಕೊಟ್ಟ.

ಭಾನುವಾರ ಬೆಳಗ್ಗೆ ಆರಕ್ಕೆ ಸೇತುವೆ ಅಂತ ಹೇಳಿದ್ದೆ. ಎದ್ದವರು ಐದೇ ಜನ. ಹಿಂದಿನ ಸಂಜೆ ಅದೇ ಸೇತುವೆಯಲ್ಲಿ ಮುಂದಿನವರ ಬ್ಯಾಗು ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ಬೆಳಗ್ಗೆ ಮಂಜು, ಕಲ್ಲು ಒದ್ದೆ, ನಮ್ಮ ಐವರ ಹೆಜ್ಜೆ ಸದ್ದು. ಎರಡೂ ಕಡೆ ಸೇರಿ ಮೂವತ್ತು ಮೂರ್ತಿಗಳು ಕಪ್ಪಗೆ ನಿಂತಿದ್ದವು. ಜಾಸ್ತಿ ಮೂರ್ತಿಗಳು ನಕಲಂತೆ, ಅಸಲು ಮ್ಯೂಸಿಯಂನಲ್ಲಿವೆಯಂತೆ. ಆ ಮಂಜಿನಲ್ಲಿ ಯಾರಿಗೆ ಬೇಕು ಅದು. ನೆಪೋಮುಕ್ ಸಂತನ ಫಲಕ ಮಾತ್ರ ಜನ ಮುಟ್ಟಿ ಮುಟ್ಟಿ ಚಿನ್ನದ ಹಾಗೆ ಹೊಳೆಯುತ್ತದೆ. ಮುಟ್ಟಿದರೆ ಮತ್ತೆ ಪ್ರಾಗ್‌ಗೆ ಬರುತ್ತೀರಿ ಅನ್ನುವುದು ನಂಬಿಕೆ. ನಾವೂ ಮುಟ್ಟಿದೆವು. ದೇವಸ್ಥಾನದ ಹೊಸ್ತಿಲು ಮುಟ್ಟಿ ಅಭ್ಯಾಸ ಅಲ್ವಾ.

ಆಮೇಲೆ ಯಹೂದಿ ಕೇರಿ. ಪಿಂಕಾಸ್ ಸಿನಗಾಗ್‌ನ ಗೋಡೆ ತುಂಬ ಹೆಸರುಗಳು. ಚೆಕ್ ದೇಶದ ಬೊಹೀಮಿಯಾ, ಮೊರಾವಿಯಾ ಸೀಮೆಗಳಿಂದ ನಾಜಿಗಳು ಒಯ್ದು ಕೊಂದ ಸುಮಾರು 80,000 ಯಹೂದಿಗಳು. ಅಕ್ಷರ ಎಷ್ಟು ಚಿಕ್ಕದೆಂದರೆ ಎರಡು ಹೆಜ್ಜೆ ಹಿಂದೆ ಸರಿದರೆ ಗೋಡೆಗೆ ಬೂದು ಬಣ್ಣ ಬಳಿದ ಹಾಗೆ ಕಾಣುತ್ತದೆ. ಮಹಡಿಯಲ್ಲಿ ನಾಜಿಗಳ ಟೆರೆಜಿನ್ ಕ್ಯಾಂಪಿನಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಅವರಿಗೆ ಕಲಿಸಿದ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅನ್ನುವ ಕಲಾವಿದೆಯನ್ನು ಆಶ್ವಿಟ್ಸ್‌ಗೆ ಒಯ್ದು ಕೊಂದರು. ಚಿತ್ರಗಳು ಎರಡು ಸೂಟ್‌ಕೇಸಿನಲ್ಲಿ ಉಳಿದುಕೊಂಡವು. ಒಂದು ಚಿತ್ರದಲ್ಲಿ ಬರೀ ಚಿಟ್ಟೆಗಳು. ನನ್ನ ರೂಮ್‌ಮೇಟ್ ಹೊರಗೆ ಬಂದವನು ಒಂದು ಗಂಟೆ ಯಾರ ಜೊತೆಗೂ ಮಾತಾಡಲಿಲ್ಲ. ನಾವೂ ಕೇಳಲಿಲ್ಲ. ಇಂಡೋನೇಷ್ಯಾದವಳು ಅವನ ಕೈಗೆ ಒಂದು ಕಾಫಿ ಕೊಟ್ಟಳು ಅಷ್ಟೇ.

ನಾರೊಡ್ನಿ ರಸ್ತೆಯ ಕೈಗಳನ್ನು ಹುಡುಕಲು ಇಪ್ಪತ್ತು ನಿಮಿಷ ಬೇಕಾಯಿತು. ಎರಡು ಸಲ ಅದರ ಮುಂದೆಯೇ ದಾಟಿದ್ದೆವು. ಗಡಿಯಾರದ ಬಗ್ಗೆ ಘಳಿಗೆ ಬಟ್ಟಲಿನವರು ಹೇಳಿದ್ದನ್ನು ನಾನು ಓದಿ ಹೇಳಿದೆ, ಎಲ್ಲರೂ ಹೂಂ ಅಂದರು, ಆಮೇಲೆ ಕೋಳಿ ಕೂಗುವುದನ್ನೇ ಕಾದರು.

ವಾಪಸ್ ಬರುವಾಗ ಪೊಲೀಸರು ಬಂದರು, ಅಕ್ಷರಶಃ ಬಾಡ್ ಶಾಂಡೌನಲ್ಲೇ. ಮರಾಠಿ ಹುಡುಗನ ಹತ್ತಿರ ಕಾರ್ಡು ಇತ್ತು, ಪಾಸ್‌ಪೋರ್ಟು ಡ್ರೆಸ್ಡನ್‌ನ ರೂಮಿನಲ್ಲಿ. ಕಾರ್ಡಿನ ನಂಬರ್ ಹಿಡಿದು ಹದಿನೈದು ನಿಮಿಷ ವಿಚಾರಿಸಿ ಬಿಟ್ಟರು. ಅಷ್ಟರಲ್ಲಿ ಅವನ ಮುಖ ಇಡ್ಲಿಯ ಹಾಗೆ ಬೆಳ್ಳಗಾಗಿತ್ತು.

ಯಾದವಗಿರಿ ಸರ್, ಮ್ಯೂಸಿಯಂಗೆ ನಾಲ್ಕು ಜನ ಹೋಗಿದ್ದೆವು. ದೊಡ್ಡ ಹಾಲ್, ಮೇಲೆ ವಿಮಾನಗಳನ್ನು ನೇತು ಹಾಕಿದ್ದಾರೆ, ಕೆಳಗೆ ಕಾರುಗಳು, ಸುತ್ತಲಿನ ಮೊಗಸಾಲೆಯಲ್ಲಿ ಬೈಕುಗಳು. ಮರೂನ್ ಬಣ್ಣದ 250 ಇತ್ತು. ಫೋಟೋ ಹಾಕಿದ್ದೇನೆ, ನೋಡಿ.

ಯಾದವಗಿರಿ_ನಿವೃತ್ತ

ನೋಡಿದೆ ಮರಿ. ತುಂಬ ಸಂತೋಷ. ಟ್ಯಾಂಕು, ಸೈಲೆನ್ಸರ್ ಎಲ್ಲ ಚೆನ್ನಾಗಿ ಬಂದಿದೆ. ಆದರೆ ಇದು ಬಲಗಡೆ.

ಎಲ್ಬೆದಂಡೆ

ಅಯ್ಯೋ ಸರ್, ಕ್ಷಮಿಸಿ! ತಲೆಯೇ ಓಡಲಿಲ್ಲ.

ಸಿಡುಕಪ್ಪ

ಒಂದೇ ಒಂದು ಕೆಲಸ ಹೇಳಿದ್ದರು ಕಣ್ರೀ.

ಎಲ್ಬೆದಂಡೆ

ಸರ್, ಸಿಕ್ಕಿತು! ರೂಮ್‌ಮೇಟ್ ಮೆಕ್ಯಾನಿಕಲ್ ಓದುವವನು. ನಾನು ನಿಮ್ಮ ಮಾತು ಹೇಳಿದ್ದನ್ನು ನೆನಪಿಟ್ಟುಕೊಂಡು, ಮಂಡಿಯೂರಿ ಕುಳಿತು ಲಿವರ್ ಒಂದನ್ನೇ ಮೂರು ಫೋಟೋ ತೆಗೆದಿದ್ದಾನೆ. ಈಗ ಹಾಕಿದೆ.

ಯಾದವಗಿರಿ_ನಿವೃತ್ತ

ಬಂತು. ದೊಡ್ಡದು ಮಾಡಿ ನೋಡಿದೆ. ಲಿವರ್ ಅದೇ, ಬಾಗು ಕೂಡ ಅದೇ. ತುದಿಯ ರಬ್ಬರ್ ಮಾತ್ರ ನಮ್ಮದಲ್ಲ, ನಮ್ಮದರಲ್ಲಿ ಗೀರು ಜಾಸ್ತಿ ಇರುತ್ತಿತ್ತು. ಮಳೆಯಲ್ಲಿ ಕಾಲು ಜಾರದಿರಲಿ ಅಂತ. ಆ ಜರ್ಮನ್ ಹುಡುಗನಿಗೆ ಥ್ಯಾಂಕ್ಸ್ ಹೇಳು. ಮೈಸೂರಿಗೆ ಬಂದರೆ ಮನೆಗೆ ಕರೆದುಕೊಂಡು ಬಾ, ಶೆಡ್‌ನಲ್ಲಿ ಗಾಡಿ ಇದೆ. ಕಿಕ್ ಮಾಡಿ ನೋಡಲಿ.